ವಿಲಿಯಂ ಹರ್ಬರ್ಟ್ ರಾಲಿನ್ಸ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಹಲ್ಲುನೋವೆಂದು ದಂತವೈದ್ಯರ ಬಳಿಗೆ ಹೋದವರಿಗೆ ಕ್ಷ-ಕಿರಣ ಚಿತ್ರ ತೆಗೆಸುವುದು ಕ್ಷಣಮಾತ್ರದ ಕೆಲಸ. ಯಂತ್ರದ ಕಿರಿದಾದ ಬಾಯಿ ಕೆನ್ನೆಯತ್ತ ತಿರುಗುತ್ತದೆ. ಗುಂಡಿ ಒತ್ತುವವರು ದೂರ ಸರಿದು ನಿಲ್ಲುತ್ತಾರೆ. ಈ ಎಚ್ಚರಿಕೆಯನ್ನು ಜಗತ್ತಿಗೆ ಕಲಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಬಾಸ್ಟನ್ ನಗರದ ದಂತವೈದ್ಯ ವಿಲಿಯಂ ಹರ್ಬರ್ಟ್ ರಾಲಿನ್ಸ್.

1852ರಲ್ಲಿ ಜನಿಸಿದ ರಾಲಿನ್ಸರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ರೋಗಿಗಳ ಸೇವೆ ಅವರ ವೃತ್ತಿ. ಬಿಡುವಿನ ವೇಳೆಯೆಲ್ಲ ಪ್ರಯೋಗಗಳಿಗೆ ಮೀಸಲು. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮರುವರ್ಷವೇ ರಾಲಿನ್ಸರು ಆ ಕಿರಣಗಳಿಂದ ಹಲ್ಲುಗಳನ್ನು ಪರೀಕ್ಷಿಸುವ ಉಪಕರಣವನ್ನು ರಚಿಸಿದರು.

ಆ ಕಾಲದಲ್ಲಿ ಕಿರಣದ ಬಲವನ್ನು ತಿಳಿಯಲು ವೈದ್ಯರು ತಮ್ಮ ಕೈಯನ್ನೇ ಅದಕ್ಕೆ ಒಡ್ಡುತ್ತಿದ್ದರು. ನ್ಯೂ ಆರ್ಲಿಯನ್ಸಿನ ದಂತವೈದ್ಯ ಎಡ್ಮಂಡ್ ಕೆಲ್ಸ್ ಹೀಗೆಯೇ ಬೆರಳುಗಳನ್ನೂ ಕೊನೆಗೆ ತೋಳನ್ನೂ ಕಳೆದುಕೊಂಡರು. 1898ರಲ್ಲಿ ರಾಲಿನ್ಸರ ಕೈಯೂ ಸುಟ್ಟಿತು. ಇದಕ್ಕೆ ವಿದ್ಯುತ್ತು ಕಾರಣವೇ ಹೊರತು ಕಿರಣವಲ್ಲವೆಂದು ಹಲವರು ನಂಬಿದ್ದರು. ರಾಲಿನ್ಸರು ಪರೀಕ್ಷಿಸದೆ ಒಪ್ಪುವವರಲ್ಲ. ಗಿನಿಹಂದಿಗಳೆಂಬ ಪುಟ್ಟ ಪ್ರಾಣಿಗಳನ್ನು ವಿದ್ಯುತ್ತು ಸೋಂಕದಂತಹ ಪೆಟ್ಟಿಗೆಯಲ್ಲಿ ಇರಿಸಿ, ದಿನಕ್ಕೆ 2 ಗಂಟೆ ಕಾಲ ಕಿರಣಗಳನ್ನು ಹಾಯಿಸಿದರು. ಒಂದು 8ನೆಯ ದಿನ ಸತ್ತಿತು, ಇನ್ನೊಂದು 11ನೆಯ ದಿನ. ಮೈಮೇಲೆ ಸುಟ್ಟ ಗಾಯವೇ ಇರಲಿಲ್ಲ! ಆ ಮೂಕಪ್ರಾಣಿಗಳ ಸಾವು ಮರುಕ ಹುಟ್ಟಿಸುವಂಥದು; ಆದರೆ ಕಣ್ಣಿಗೆ ಕಾಣದ ಅಪಾಯವನ್ನು ಅದು ಬಯಲಿಗೆ ತಂದಿತು. 1901ರಲ್ಲಿ ಅವರು ಇದನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

ತಲೆಯ ಚಿತ್ರ ತೆಗೆಯುವಾಗ ಕಿರಣಗಳು ಮಾಂಸಕ್ಕೂ ಮೂಳೆಗೂ ತಾಗಿ, ಮಂಜಿನಲ್ಲಿ ದೀಪದ ಬೆಳಕು ಚದುರುವಂತೆ, ಎಲ್ಲ ದಿಕ್ಕಿಗೂ ಚದುರುತ್ತವೆ. ಇದರಿಂದ ಚಿತ್ರ ಮಸುಕಾಗುತ್ತದೆ. ಬೇಡವಾದ ಅಂಗಗಳಿಗೂ ಕಿರಣ ತಗಲುತ್ತದೆ. ಕಿರಣ ಬೀಳುವ ಪ್ರದೇಶವು ಕಿರಿದಾದಷ್ಟೂ ಚದುರುವಿಕೆ ಕಡಿಮೆ. ಆದುದರಿಂದ ಕಿರಣ ಸೂಸುವ ಗಾಜಿನ ಬುರುಡೆಯನ್ನು ಕಿರಣ ದಾಟಲಾರದ ಪೆಟ್ಟಿಗೆಯಲ್ಲಿ ಮುಚ್ಚಿ, ಸಣ್ಣ ರಂಧ್ರವೊಂದನ್ನು ಮಾತ್ರ ಬಿಡಬೇಕೆಂದೂ, ಪರೀಕ್ಷಿಸುವ ಭಾಗದ ಹೊರತು ರೋಗಿಯ ಉಳಿದ ಮೈಗೆ ಮರೆಯಿರಬೇಕೆಂದೂ ರಾಲಿನ್ಸರು ವಿಧಿಸಿದರು. ಪೆಟ್ಟಿಗೆ ಭದ್ರವೇ ಎಂದು ಅರಿಯಲು ಸರಳ ಉಪಾಯವನ್ನೂ ಹೇಳಿದರು: ಹೊರಗಿಟ್ಟ ಛಾಯಾಚಿತ್ರದ ಫಲಕವು 7 ನಿಮಿಷಗಳಲ್ಲಿ ಕಪ್ಪಾಗಬಾರದು.

1904ರಲ್ಲಿ ತಮ್ಮ ಬರಹಗಳನ್ನು ಸ್ವಂತ ಖರ್ಚಿನಿಂದ ಪುಸ್ತಕವಾಗಿ ಅಚ್ಚು ಹಾಕಿಸಿದರು. ಕಿವಿಗೊಟ್ಟವರು ವಿರಳ. ಅಷ್ಟರಲ್ಲಿ ಎಷ್ಟೋ ವೈದ್ಯರ ಕೈಗಳು ಹೋದವು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಕಿರಣಗಳಿಂದ ರಕ್ಷಣೆ ನೀಡುವ ಕುರಿತು ಸಮಿತಿಯೊಂದನ್ನು ನೇಮಿಸಿತು. ಮರುವರ್ಷ ರಾಲಿನ್ಸರು ಕಾಲವಾದರು.