ದೀಪಧಾರಿಣಿಯ ಕೈಯಲ್ಲಿ ಲೆಕ್ಕದ ಪುಸ್ತಕ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಕಣ್ಮುಂದೆ ಬರುವುದು ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಸಾಗುವ ಮಹಿಳೆಯ ಚಿತ್ರ. ತಾವು ಕೈಗೊಂಡ ಶುಶ್ರೂಷೆಯಿಂದ ರೋಗಿಗೆ ನಿಜಕ್ಕೂ ಒಳಿತಾಯಿತೇ ಎಂದು ಅಂಕಿ-ಅಂಶಗಳಿಂದ ಒರೆಗೆ ಹಚ್ಚಿದ ನೈಟಿಂಗೇಲ್ ಅಷ್ಟಾಗಿ ಪರಿಚಿತರಲ್ಲ.

1820ರ ಮೇ 12ರಂದು ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಅವರು, ಮನೆಯವರ ವಿರೋಧದ ನಡುವೆಯೂ ಶುಶ್ರೂಷೆಯ ಹಾದಿ ಹಿಡಿದರು. ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರ್‌ನಲ್ಲಿ 38 ಮಹಿಳೆಯರೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆ ತಲುಪಿದರು. ಆದರೆ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಅಸುನೀಗಿದರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ ಗಾಳಿಯಾಡುವ ವ್ಯವಸ್ಥೆ ಮಾಡಿದ ಬಳಿಕ, ಜೂನ್ ವೇಳೆಗೆ ಈ ಪ್ರಮಾಣ ನೂರಕ್ಕೆ 2ರ ಆಸುಪಾಸಿಗೆ ಕುಸಿಯಿತು. ಯುದ್ಧದ ಬಳಿಕ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಂದಿಗೆ ಲೆಕ್ಕ ಹಾಕಿದಾಗ, ಸೈನಿಕರನ್ನು ಬಲಿ ಪಡೆದದ್ದು ಗಾಯಗಳಿಗಿಂತ ಮಿಗಿಲಾಗಿ ತಡೆಯಬಹುದಾಗಿದ್ದ ರೋಗಗಳು ಎಂಬುದು ಸ್ಪಷ್ಟವಾಯಿತು. ಆರೈಕೆಯೊಂದೇ ಸಾಲದೆಂಬ ಈ ಸತ್ಯವನ್ನು ಆಕೆ ಮುಚ್ಚಿಡಲಿಲ್ಲ. ಬಣ್ಣದ ನಕ್ಷೆಗಳಲ್ಲಿ ಸರ್ಕಾರದ ಮುಂದಿಟ್ಟರು.

ಇದಕ್ಕಿಂತ ಕಠಿಣ ಪರೀಕ್ಷೆ ಮುಂದೆ ಕಾದಿತ್ತು. ಅವರ ಹೆಸರಿನ ನಿಧಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆಂದು ಹೆರಿಗೆ ವಾರ್ಡು ಆರಂಭವಾಗಿತ್ತು. ಉದ್ದೇಶ ಉದಾತ್ತವಾಗಿದ್ದರೂ ಬಾಣಂತಿಯರು ಸೂತಿಕಾ ಜ್ವರಕ್ಕೆ ಬಲಿಯಾಗತೊಡಗಿದರು. 1867ರಲ್ಲಿ ವಾರ್ಡು ಮುಚ್ಚಿತು. ನೈಟಿಂಗೇಲ್ ಅಷ್ಟಕ್ಕೇ ಸುಮ್ಮನಾಗದೆ ವಿವಿಧೆಡೆಯ ಹೆರಿಗೆ ಆಸ್ಪತ್ರೆಗಳ ಅಂಕಿ-ಅಂಶ ಕಲೆಹಾಕಿದರು. ಆಸ್ಪತ್ರೆಗಿಂತ ಮನೆಯಲ್ಲಿ ಹೆತ್ತ ತಾಯಂದಿರೇ ಹೆಚ್ಚು ಸುರಕ್ಷಿತರೆಂಬ ನಿರ್ಣಯಕ್ಕೆ ಬಂದು 1871ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಸ್ವಂತ ಯೋಜನೆಯ ಸೋಲನ್ನು ಹೀಗೆ ಬಹಿರಂಗವಾಗಿ ಎಣಿಸುವ ಧೈರ್ಯ ಆ ಕಾಲದಲ್ಲಿ ವಿರಳ, ಈ ಕಾಲದಲ್ಲೂ ಹೇರಳವೇನಲ್ಲ.

1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ಅವರ ದಾದಿಯರ ಶಾಲೆಯೂ ಈ ಒರೆಗಲ್ಲಿನಿಂದ ತಪ್ಪಿಸಿಕೊಳ್ಳಲಿಲ್ಲ. ಪ್ರತಿ ವಿದ್ಯಾರ್ಥಿನಿಯ ನಡತೆ ಹಾಗೂ ಕೆಲಸದ ಕುರಿತು ಅಲ್ಲಿ ಮುದ್ರಿತ ನಮೂನೆಗಳನ್ನು ತುಂಬಲಾಗುತ್ತಿತ್ತು. ಕಾಗದದ ಮೇಲೆ ಎಲ್ಲವೂ ಸರಿಯಿದ್ದರೂ ಬೋಧನೆ ಸೊರಗಿದೆಯೆಂದು 1870ರ ದಶಕದ ಆರಂಭದಲ್ಲಿ ಅರಿವಾದಾಗ, ಅನಾರೋಗ್ಯದಲ್ಲೂ ವಿದ್ಯಾರ್ಥಿನಿಯರನ್ನು ಮನೆಗೇ ಕರೆಸಿ ಮಾತನಾಡಿಸಿ ಟಿಪ್ಪಣಿ ಬರೆದಿಟ್ಟುಕೊಂಡರು. ಪಾಠಕ್ರಮ ಬಿಗಿಯಾದದ್ದು ಆ ಬಳಿಕವೇ.

1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಅವರು ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವವನ್ನು ಬಂಧುಗಳು ನಿರಾಕರಿಸಿದರು. ಹ್ಯಾಂಪ್‌ಶೈರ್‌ನ ಈಸ್ಟ್ ವೆಲೋ ಗ್ರಾಮದ ಅವರ ಸಮಾಧಿಯ ಮೇಲೆ ಪೂರ್ಣ ಹೆಸರಿಲ್ಲ. ಎರಡು ಮೊದಲಕ್ಷರ ಹಾಗೂ ಜನನ-ಮರಣದ ವಿವರವಷ್ಟೇ ಇವೆ.