ಮೂರನೆಯ ಜಾರ್ಜ್ ಅರಸನೂ ಫ್ರಾನ್ಸ್ ದೇಶದ ಬಿರುದೂ

ಇಂಗ್ಲೆಂಡ್ ದೇಶದ ಮೂರನೆಯ ಜಾರ್ಜ್ ಅರಸನ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರು ಕೇಳಿರಬಹುದು. ಅವನು 1760ರಿಂದ 1820ರ ವರೆಗೆ ಸುಮಾರು 60 ವರುಷ ಸಿಂಹಾಸನದಲ್ಲಿದ್ದನು. ಅಮೇರಿಕದ 13 ಸಂಸ್ಥಾನಗಳು ಇಂಗ್ಲಿಷರ ಕೈಬಿಟ್ಟು ಹೋದದ್ದು ಅವನ ಕಾಲದಲ್ಲಿ; 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ಮಂಗಳೂರು ಸಹಿತವಾದ ಕನ್ನಡ ಜಿಲ್ಲೆಯು ಕುಂಪಣಿಯವರ ವಶವಾದದ್ದೂ ಅವನ ಕಾಲದಲ್ಲಿಯೇ. ಆದರೆ ಈ ಅರಸನು ತನ್ನ ಆಳಿಕೆಯ ಮೊದಲನೆಯ 40 ವರುಷಗಳಲ್ಲಿ, ತಾನು ಎಂದೂ ಆಳದ, ಎಂದೂ ಕಾಲಿಡದ ಒಂದು ದೇಶಕ್ಕೆ ಅರಸನೆಂದು ಕರೆಯಲ್ಪಡುತ್ತಿದ್ದನೆಂಬದು ಅನೇಕರಿಗೆ ತಿಳಿಯದು. ಆ ದೇಶವು ಫ್ರಾನ್ಸ್.

ಈ ಬಿರುದನ್ನು ಅವನು ತಾನಾಗಿ ಧರಿಸಿಕೊಂಡವನಲ್ಲ. 1328ರಲ್ಲಿ ಫ್ರಾನ್ಸಿನ ಅರಸನಾದ ನಾಲ್ಕನೆಯ ಚಾರ್ಲ್ಸನು ಗಂಡು ಸಂತಾನವಿಲ್ಲದೆ ಸತ್ತನು. ಸತ್ತವನ ಒಡಹುಟ್ಟಿದವಳಾದ ಇಸಬೆಲ್ಲಾ ಎಂಬವಳು ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಅರಸನ ತಾಯಿ. ಫ್ರೆಂಚರು ಹೆಣ್ಣಿನ ಮೂಲಕ ಬರುವ ಹಕ್ಕನ್ನು ಒಪ್ಪದೆ, ದಾಯಾದಿಯಾದ ಫಿಲಿಪ್ಪನಿಗೆ ಪಟ್ಟ ಕಟ್ಟಿದರು. ಎಡ್ವರ್ಡನಾದರೋ 1340ರಲ್ಲಿ ಗೆಂಟ್ ಪಟ್ಟಣದಲ್ಲಿ ತಾನೇ ಫ್ರಾನ್ಸಿನ ಅರಸನೆಂದು ಸಾರಿಸಿ, ಆ ದೇಶದ ಗುರುತಾದ ಲಿಲಿ ಹೂವುಗಳನ್ನು ತನ್ನ ರಾಜಚಿಹ್ನೆಯಲ್ಲಿ ಸೇರಿಸಿಕೊಂಡನು. ಈ ಹಕ್ಕಿನ ನಿಮಿತ್ತವೂ ಬೇರೆ ವ್ಯಾಜ್ಯಗಳ ನಿಮಿತ್ತವೂ ಉಂಟಾದ ಯುದ್ಧವು 1337ರಿಂದ 1453ರ ವರೆಗೆ ಬಿಟ್ಟು ಬಿಟ್ಟು ನಡೆದು, ಎರಡು ದೇಶಗಳ ಎಷ್ಟೋ ಮನೆಗಳನ್ನು ಹಾಳುಮಾಡಿತು. ಕಡೆಗೆ ಫ್ರಾನ್ಸಿನ ನೆಲದಲ್ಲಿ ಇಂಗ್ಲಿಷರಿಗೆ ಕಲೇ ಎಂಬ ರೇವುಪಟ್ಟಣವೂ ಅದರ ಸುತ್ತಲಿನ ಸ್ವಲ್ಪ ಭೂಮಿಯೂ ಮಾತ್ರ ಉಳಿದವು. ಅವು ಸಹ 1558ರಲ್ಲಿ ಕೈಬಿಟ್ಟು ಹೋದವು. ಭೂಮಿ ಹೋದರೂ ಬಿರುದು ಹೋಗಲಿಲ್ಲ. ಗದ್ದೆಯು ಪರರ ಪಾಲಾದ ಮೇಲೆಯೂ ಅದರ ಹಳೆಯ ಪತ್ರವನ್ನು ಪೆಟ್ಟಿಗೆಯಲ್ಲಿ ಕಾದಿಡುವ ಮನೆಯವರಂತೆ, ಇಂಗ್ಲೆಂಡಿನ ಅರಸರು ಒಬ್ಬರ ತರುವಾಯ ಒಬ್ಬರು ಅದನ್ನು ಕಾದಿಟ್ಟುಕೊಂಡರು.

ಜಾರ್ಜನು 1738ನೆಯ ಇಸವಿ ಜೂನ್ 4ರಲ್ಲಿ, ಅಂದರೆ ಕಲೇ ಪಟ್ಟಣವು ಹೋಗಿ 180 ವರುಷಗಳಾದ ಮೇಲೆ, ಲಂಡನಿನಲ್ಲಿ ಹುಟ್ಟಿದನು. 12 ವರುಷದ ಹುಡುಗನಾಗಿದ್ದಾಗಲೇ ತಂದೆಯನ್ನು ಕಳಕೊಂಡದ್ದರಿಂದ, ಅಜ್ಜನಾದ ಎರಡನೆಯ ಜಾರ್ಜನ ತರುವಾಯ 22ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು. 1761ನೆಯ ಇಸವಿ ಸೆಪ್ಟೆಂಬರ್ 22ರಲ್ಲಿ ಅವನ ಪಟ್ಟಾಭಿಷೇಕವು ನಡೆಯಿತು. ಆ ದಿನದ ಮೆರವಣಿಗೆಯಲ್ಲಿ ಇಬ್ಬರು ನಾರ್ಮಂಡಿ, ಅಕ್ವಿಟೇನ್ ಎಂಬ ಫ್ರೆಂಚ್ ಪ್ರಾಂತಗಳ ಪ್ರಭುಗಳೆಂದು ನಡೆದರು. ನಿಜವಾಗಿ ನೋಡಿದರೆ ಅವರು ವೇಷ ತೊಟ್ಟ ಇಂಗ್ಲಿಷರೇ. ಬಯಲಾಟದಲ್ಲಿ ಕಿರೀಟವಿಟ್ಟವನಿಗೆ ಬೆಳಗಾದ ಮೇಲೆ ರಾಜ್ಯವೆಲ್ಲಿ? ಹಾಗೆಯೇ ಅವರಿಗೂ ಸಂಜೆಯಾದ ಮೇಲೆ ಪ್ರಭುತ್ವವಿರಲಿಲ್ಲ. ಅದೇ ದಿನ ಅರಸನು ಕರ್ತನ ಭೋಜನದಲ್ಲಿ ಪಾಲುಗೊಳ್ಳುವದಕ್ಕೆ ಬಂದಾಗ, ಕಿರೀಟವನ್ನು ತೆಗೆದಿಡಬೇಕೋ ಎಂದು ಮಹಾಧ್ಯಕ್ಷನನ್ನು ವಿಚಾರಿಸಿದನು. ಹಿಂದಿನ ಪದ್ಧತಿ ಏನೆಂಬದನ್ನು ಅಲ್ಲಿದ್ದ ಬೋಧಕರು ಹೇಳಲಾರದೆ ಹೋದರು. ಆಗ ಅವನು ತನ್ನ ಕೈಯಿಂದಲೇ ಅದನ್ನು ತೆಗೆದಿಟ್ಟನು.

ಅರಮನೆಯಲ್ಲಿದ್ದರೂ ಅವನ ನಡೆನುಡಿಗಳು ಸಾದಾ ಇದ್ದವು. ರಾಣಿಯಾದ ಶಾರ್ಲೊಟ್ಟಳಿಂದ 15 ಮಂದಿ ಮಕ್ಕಳಾದರು. ಬೇಸಾಯದಲ್ಲಿ ಅವನಿಗೆ ಬಹಳ ಮನಸ್ಸಿದ್ದದರಿಂದ ಜನರು ಅವನನ್ನು ರೈತ ಜಾರ್ಜನೆಂದು ಕರೆದರು. ವಿಂಡ್ಸರಿನಲ್ಲಿ ಹೊಲಗಳನ್ನು ಮಾಡಿಸಿ, ಸ್ಪೇನ್ ದೇಶದಿಂದ ಒಳ್ಳೇ ಉಣ್ಣೆಯ ಕುರಿಗಳನ್ನು ತರಿಸಿದನು. 1787ರಲ್ಲಿ ಬೇಸಾಯದ ಪತ್ರಿಕೆಯೊಂದಕ್ಕೆ ಲೇಖನಗಳನ್ನು ಬರೆದಾಗ, ತನ್ನ ಬಿರುದುಗಳೆಲ್ಲವನ್ನು ಬಿಟ್ಟು ರಾಲ್ಫ್ ರಾಬಿನ್‌ಸನ್ ಎಂಬ ಸಾಮಾನ್ಯನ ಹೆಸರಿನಿಂದ ಬರೆದನು.

ಆದರೆ ಅಮೇರಿಕದ ವಿಷಯದಲ್ಲಿ ಅವನು ಹಟ ಹಿಡಿದನು. 1775ರಲ್ಲಿ ಆರಂಭವಾದ ಯುದ್ಧದಲ್ಲಿ ಸೋಲು ತೋರಿದ ಮೇಲೆಯೂ ಅಲ್ಲಿಯವರನ್ನು ಬಿಟ್ಟುಕೊಡಲು ಒಪ್ಪದೆ, 1782ರಲ್ಲಿ ರಾಜ್ಯತ್ಯಾಗದ ಪತ್ರವನ್ನು ಸಹ ಬರೆದಿಟ್ಟನು. ಆದರೆ ಅದನ್ನು ಕಳುಹಿಸಲಿಲ್ಲ. 1783ರಲ್ಲಿ ಪ್ಯಾರಿಸಿನಲ್ಲಿ ಒಡಂಬಡಿಕೆಯಾಯಿತು. ವಾಚಕರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಅಷ್ಟು ದೊಡ್ಡ ಸೀಮೆಯನ್ನು ಅವನು ಬಿಟ್ಟುಕೊಟ್ಟ ಆ ಪತ್ರದಲ್ಲಿಯೇ ಅವನ ಹೆಸರು ಗ್ರೇಟ್ ಬ್ರಿಟನ್, ಫ್ರಾನ್ಸ್, ಐರ್ಲೆಂಡ್ ದೇಶಗಳ ಅರಸನೆಂದು ಬರೆಯಲ್ಪಟ್ಟಿದೆ. ಅಮೇರಿಕದ ಹೆಸರು ಬಿರುದಿನಲ್ಲಿ ಎಂದೂ ಇರಲಿಲ್ಲ. ಆದ ಕಾರಣ ಅದು ಹೋದಾಗ ಬಿರುದಿನಲ್ಲಿ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ. ನಮ್ಮ ಕನ್ನಡ ಜಿಲ್ಲೆಯ ಸಂಗತಿಯೂ ಹಾಗೆಯೇ. ಇಲ್ಲಿ ಕುಂಪಣಿಯ ಅಧಿಕಾರಿಗಳು ತೀರ್ವೆ ಎತ್ತುತ್ತಿದ್ದರು. ಆದರೆ ಅವನ ಮೊಮ್ಮಗಳಾದ ವಿಕ್ಟೋರಿಯ ರಾಣಿಯು 1876ರಲ್ಲಿ ಹೊಸ ಬಿರುದನ್ನು ಧರಿಸುವ ತನಕ ಹಿಂದುಸ್ಥಾನದ ಹೆಸರು ಆ ಪಟ್ಟಿಯಲ್ಲಿ ಸೇರಲಿಲ್ಲ. ಆಳಿದ ದೇಶಗಳಿಗೆ ಬಿರುದಿಲ್ಲ. ಬಿರುದಿದ್ದ ದೇಶದಲ್ಲಿ ಆಳಿಕೆಯಿಲ್ಲ. ಜಾರ್ಜನಾದರೋ ಸೋಲನ್ನು ಒಪ್ಪಿದ ಮೇಲೆ ಮನಸ್ಸಿನಲ್ಲಿ ಹಗೆಯನ್ನು ತೋರಿಸಲಿಲ್ಲ. 1785ರಲ್ಲಿ ಅಮೇರಿಕದ ರಾಯಭಾರಿಯಾದ ಜಾನ್ ಆಡಮ್ಸನನ್ನು ಮರ್ಯಾದೆಯಿಂದ ಎದುರುಗೊಂಡನು.

ಫ್ರಾನ್ಸಿನ ಅರಸರು ಈ ಬಿರುದನ್ನು ಕಂಡೂ ಕಾಣದವರಂತಿದ್ದರು. 1763ರ ಒಡಂಬಡಿಕೆಯಲ್ಲಿ, ಒಬ್ಬರು ಬರೆದುಕೊಂಡ ಬಿರುದಿನಿಂದ ಮತ್ತೊಬ್ಬರ ಹಕ್ಕಿಗೆ ಬಾಧಕವಿಲ್ಲವೆಂದು ಬೇರೆ ಕಲಮೊಂದನ್ನು ಸೇರಿಸಿ ಸುಮ್ಮನಾದರು. ಆದರೆ 1792ರಲ್ಲಿ ಫ್ರೆಂಚರು ಅರಸುತನವನ್ನೇ ತೆಗೆದುಹಾಕಿ, ಮುಂದಿನ ಜನವರಿಯಲ್ಲಿ ತಮ್ಮ ಅರಸನಾದ ಹದಿನಾರನೆಯ ಲೂಯಿಯ ತಲೆಯನ್ನು ಹೊಡೆದರು. 1797ರಲ್ಲಿ ಲೀಲ್ ಪಟ್ಟಣದಲ್ಲಿ ಸಂಧಾನ ನಡೆದಾಗ, ಇಂಗ್ಲೆಂಡಿನ ಅರಸನು ಫ್ರಾನ್ಸಿನ ಬಿರುದನ್ನು ಬಿಡಬೇಕೆಂದು ಅವರ ಪ್ರತಿನಿಧಿಗಳು ಕೇಳಿದರು. ಆ ಸಂಧಾನವು ಮುರಿಯಿತು. ತರುವಾಯ ಐರ್ಲೆಂಡನ್ನು ಬ್ರಿಟನಿನೊಂದಿಗೆ ಒಂದೇ ರಾಜ್ಯವಾಗಿ ಕೂಡಿಸುವ ಕಾಯಿದೆಯಾದಾಗ ಬಿರುದನ್ನು ಹೇಗೂ ಹೊಸದಾಗಿ ಬರೆಯಬೇಕಾಯಿತು. ಆಗ 1801ನೆಯ ಇಸವಿ ಜನವರಿ 1ರಲ್ಲಿ ಫ್ರಾನ್ಸಿನ ಹೆಸರು ಬಿರುದಿನಿಂದಲೂ, ಲಿಲಿ ಹೂವುಗಳು ರಾಜಚಿಹ್ನೆಯಿಂದಲೂ ತೆಗೆಯಲ್ಪಟ್ಟವು. ಬ್ರಿಟಿಷ್ ದ್ವೀಪಗಳ ಚಕ್ರವರ್ತಿ ಎಂಬ ಬಿರುದನ್ನು ಧರಿಸಬಹುದೆಂದು ಕೆಲವರು ಸೂಚಿಸಿದರು. ಅವನು ಅದನ್ನು ಒಪ್ಪಲಿಲ್ಲ. ಯಾವ ಬಿರುದನ್ನು ಹಿಡಿದು ಪೂರ್ವಿಕರು ಅಷ್ಟೊಂದು ರಕ್ತವನ್ನು ಸುರಿಸಿದ್ದರೋ, ಅದನ್ನು ಬಿಟ್ಟದ್ದರಿಂದ ಒಬ್ಬ ರೈತನ ಗೇಣು ಭೂಮಿಯೂ ಹೋಗಲಿಲ್ಲ.

ಅವನ ಕಡೆಯ ವರುಷಗಳು ದುಃಖಕರವಾಗಿದ್ದವು. 1788ರಲ್ಲಿ ಒಮ್ಮೆ ಬುದ್ಧಿಭ್ರಮಣೆ ತಗಲಿ ಗುಣವಾಗಿತ್ತು. 1810ರಲ್ಲಿ ಪ್ರಿಯ ಮಗಳಾದ ಅಮೇಲಿಯಳು ತೀರಿಹೋದ ಸಮಯದಲ್ಲಿ ಅದು ತಿರಿಗಿ ಬಂತು, ಕಣ್ಣುಗಳೂ ಕುರುಡಾದವು. 1811ರಿಂದ ಹಿರೇ ಮಗನು ಅವನ ಬದಲಾಗಿ ರಾಜ್ಯಭಾರ ನಡಿಸಿದನು. ಆ ದಿನಗಳಲ್ಲಿ ಲೂಯಿಯ ತಮ್ಮನು, ನಾಡಿಲ್ಲದವನಾಗಿದ್ದರೂ ಫ್ರಾನ್ಸಿನ ಅರಸನೆಂದು ಹೇಳಿಕೊಳ್ಳುತ್ತಾ, ಇಂಗ್ಲೆಂಡಿನ ಹಾರ್ಟ್‌ವೆಲ್ ಎಂಬಲ್ಲಿ ಆಶ್ರಿತನಾಗಿದ್ದನು. ಅವನು 1814ರಲ್ಲಿ ಸ್ವದೇಶಕ್ಕೆ ಮರಳಿ ಆಳಿದನು. ಅದೇ ವರುಷ ಜಾರ್ಜನ ಪೂರ್ವಿಕರ ಸೀಮೆಯಾದ ಹನೋವರವು ರಾಜ್ಯವೆನಿಸಿ, ಅವನಿಗೆ ಇನ್ನೊಂದು ಅರಸುತನವು ಕೂಡಿಬಂತು. ಆ ಸೀಮೆಯನ್ನೂ ಅವನು ಎಂದೂ ನೋಡಿದವನಲ್ಲ. 1818ರಲ್ಲಿ ರಾಣಿಯು ಸತ್ತದ್ದನ್ನೇ ತಿಳಿಯಲಾರದ ಆ ಮುದುಕನಿಗೆ ಬಿರುದುಗಳಿಂದ ಏನು ಪ್ರಯೋಜನ? 1820ನೆಯ ಇಸವಿ ಜನವರಿ 29ರಲ್ಲಿ ವಿಂಡ್ಸರಿನಲ್ಲಿ, 81 ವರುಷದವನಾಗಿ, ಅವನು ತೀರಿಹೋದನು.

ಅವನ ಹೆಸರನ್ನು ಇಂದಿಗೂ ನೆನಸುವವರು ಅವನು ಬಿಟ್ಟ ಬಿರುದನ್ನು ನೆನಸುವದಿಲ್ಲ. ಹಟದಿಂದ ಕಳಕೊಂಡ ಸೀಮೆಯನ್ನೂ, ಪ್ರೀತಿಯಿಂದ ಮಾಡಿಸಿದ ಹೊಲಗಳನ್ನೂ ನೆನಸುತ್ತಾರೆ. ಹೆಸರಿನ ಮುಂದೆ ಬರೆದದ್ದು ಒಂದು, ಕೈಗೆ ಒಪ್ಪಿಸಲ್ಪಟ್ಟದ್ದು ಇನ್ನೊಂದು. ಲೆಕ್ಕ ಕೊಡಬೇಕಾದದ್ದು ಎರಡನೆಯದಕ್ಕೇ.