ಶುಶ್ರೂಷಕನ ಅಳಲು

ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣಗಳ ಹಳ್ಳಿಗಳಲ್ಲಿ ಬಹುಕಾಲ ಪಶುವೈದ್ಯನಾಗಿ ದುಡಿದವನು ನಾನು. ನೆಲ ಹಿಡಿದ ಹಳ್ಳಿಕಾರ್ ಎತ್ತಿನ ಬಳಿ ಕುಳಿತ ರೈತನಿಗೆ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲವೆಂದು ಹೇಳಿ ಹಿಂದಿರುಗಿದ ರಾತ್ರಿಗಳಲ್ಲಿ ನನಗೆ ನಿದ್ರೆ ಹತ್ತುತ್ತಿರಲಿಲ್ಲ. ಆಗೆಲ್ಲ ನೆನಪಾಗುತ್ತಿದ್ದವರು ಗಾಂಧೀಜಿ. ಅವರ ರಾಜಕೀಯವನ್ನು ಬಲ್ಲವರು ಅನೇಕರು. ಶುಶ್ರೂಷಕರಾಗಿ ಅವರು ಹೊತ್ತ ಭಾರವನ್ನು ಬಲ್ಲವರು ವಿರಳ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ, ಹಾಸಿಗೆ ಹಿಡಿದ ತಂದೆಯ ಗಾಯಕ್ಕೆ ಪಟ್ಟಿ ಕಟ್ಟಿ, ರಾತ್ರಿ ಕಾಲೊತ್ತುತ್ತಿದ್ದರು. 1885ರಲ್ಲಿ ತಂದೆ ಕಣ್ಣುಮುಚ್ಚಿದ ಗಳಿಗೆಯಲ್ಲಿ ಮಾತ್ರ ಅವರು ಪಕ್ಕದಲ್ಲಿರಲಿಲ್ಲ. ಆ ಕೊರಗು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಆತ್ಮಕಥೆಯಲ್ಲಿ ಅದನ್ನು ಮರೆಮಾಚದೆ ಬರೆದರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧದ ಗಾಯಾಳುಗಳನ್ನು ಹೊತ್ತರು. 1904ರಲ್ಲಿ ಜೋಹಾನ್ಸ್‌ಬರ್ಗಿನ ಪ್ಲೇಗು ರೋಗಿಗಳ ಆರೈಕೆ ಮಾಡಿದರು.

ಪರರ ನೋವಿಗೆ ಓಗೊಡುವವನಿಗೆ ತನ್ನ ದಣಿವು ಕಾಣುವುದಿಲ್ಲ. 1927ರ ಮಾರ್ಚಿಯಲ್ಲಿ ಖಾದಿ ಪ್ರವಾಸದ ನಡುವೆ, ಕೊಲ್ಲಾಪುರದಲ್ಲಿ ಅವರ ದೇಹವೇ ಅವರನ್ನು ತಡೆಯಿತು. ರಕ್ತದೊತ್ತಡ ಏರಿತ್ತು, ವೈದ್ಯರು ವಿಶ್ರಾಂತಿಯನ್ನು ವಿಧಿಸಿದರು. ಏಪ್ರಿಲಿನಲ್ಲಿ ನಂದಿಬೆಟ್ಟಕ್ಕೆ ಬಂದು ಸುಮಾರು ಒಂದೂವರೆ ತಿಂಗಳು ತಂಗಿದರು. ಆಮೇಲೆ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ನೆಲೆಸಿದರು. ಆ ಜೂನಿನಲ್ಲಿ ಅಲ್ಲಿನ ಇಂಪೀರಿಯಲ್ ಡೈರಿಗೆ ಹೋಗಿ, ಮದನಮೋಹನ ಮಾಲವೀಯರೊಡನೆ ವಿದ್ಯಾರ್ಥಿಯಂತೆ ಗೋಪಾಲನೆಯ ಪಾಠ ಕೇಳಿದರು. ನಮ್ಮ ವೃತ್ತಿಯ ಹೊಸ್ತಿಲಿಗೆ ಅವರು ಬಂದದ್ದು ಹೀಗೆ, ಬಳಲಿದ ರೋಗಿಯಾಗಿ.

ಮರುವರ್ಷವೇ ಆ ವೃತ್ತಿಯ ಅತಿ ಕಠಿಣ ಪರೀಕ್ಷೆ ಸಾಬರಮತಿ ಆಶ್ರಮದಲ್ಲಿ ಅವರಿಗೆ ಎದುರಾಯಿತು. ಅಂಗಹೀನವಾದ ಕರುವೊಂದು ಮಗ್ಗುಲು ಬದಲಿಸಲಾರದೆ ನರಳುತ್ತಿತ್ತು. ಚಿಕಿತ್ಸೆಗೆ ಮೀರಿದ ಸ್ಥಿತಿಯೆಂದು ವೈದ್ಯರು ತಿಳಿಸಿದರು. ಗಾಂಧೀಜಿ ಆಶ್ರಮವಾಸಿಗಳೊಡನೆ ಚರ್ಚಿಸಿದರು; ವಿರೋಧದ ಮಾತನ್ನೂ ಕೇಳಿದರು. ಕೊನೆಗೆ ತಮ್ಮ ಸಮ್ಮುಖದಲ್ಲೇ ವೈದ್ಯರಿಂದ ವಿಷದ ಚುಚ್ಚುಮದ್ದು ಕೊಡಿಸಿ ಅದರ ಯಾತನೆಯನ್ನು ಮುಗಿಸಿದರು. ಅಹಿಂಸೆಯ ವ್ರತಿಗೆ ಇದಕ್ಕಿಂತ ಘೋರವಾದ ನಿರ್ಣಯ ಯಾವುದು? ಅವರು ಅದನ್ನು ಎದೆಯಲ್ಲಿ ಹೂತಿಡಲಿಲ್ಲ. ತಮ್ಮ ಪತ್ರಿಕೆಗಳಲ್ಲಿ ಎಲ್ಲವನ್ನೂ ಬರೆದರು. ಸಿಟ್ಟಿನ ಪತ್ರಗಳು ರಾಶಿಯಾಗಿ ಬಂದಾಗಲೂ ಸಮಾಧಾನದಿಂದ ಉತ್ತರಿಸಿದರು.

ನಾವು ಪಶುವೈದ್ಯರು ಮಾಡದೆ ಹೋದದ್ದು ಇದನ್ನೇ. ಜೀವ ಉಳಿಸುವ ಕೈಯಿಂದಲೇ ಕೆಲವೊಮ್ಮೆ ಕೊನೆಯ ಮದ್ದನ್ನೂ ಕೊಡಬೇಕು. ಮನೆಗೆ ಬಂದು ಮೌನವಾಗಿ ಉಣ್ಣಬೇಕು. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಪಶುವೈದ್ಯರ ಸಾವುಗಳನ್ನು ಪರಿಶೀಲಿಸಿದ ಅಧ್ಯಯನವು, ಅವುಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಲ್ಲಿರುವುದಕ್ಕಿಂತ ಪುರುಷರಲ್ಲಿ ಎರಡು ಪಟ್ಟಿಗೂ, ಸ್ತ್ರೀಯರಲ್ಲಿ ಮೂರೂವರೆ ಪಟ್ಟಿಗೂ ಸಮೀಪವೆಂದು ಕಂಡಿತು. ದೂರದೇಶದ ಲೆಕ್ಕವೆಂದು ಪಕ್ಕಕ್ಕಿಡಲು ನನಗೆ ಧೈರ್ಯವಿಲ್ಲ. ನಾನೂ ಎಷ್ಟೋ ವರ್ಷ ಯಾರೊಡನೆಯೂ ಬಾಯಿಬಿಡಲಿಲ್ಲ. ಕಡೆಗೊಮ್ಮೆ ಜೊತೆಯ ವೈದ್ಯರೊಬ್ಬರೆದುರು ಹೇಳಿಕೊಂಡಾಗ, ಅವರಿಗೂ ಅದೇ ನಿದ್ರೆಗೇಡು ಇದ್ದುದು ತಿಳಿಯಿತು. ಇಬ್ಬರ ಎದೆಯೂ ಹಗುರವಾಯಿತು.

ಇಂದು ಅದಕ್ಕೆ ದಾರಿ ಸುಲಭ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬಳಲಿದಾಗ ವೈದ್ಯರ ಮಾತಿಗೆ ಮಣಿದು ನಂದಿಯನ್ನೇರಲು ಗಾಂಧೀಜಿಗೆ ನಾಚಿಕೆಯಾಗಲಿಲ್ಲ, ನಮಗೇಕೆ ಆಗಬೇಕು?